ಪಟ್ಟದ ಹೋರಿ ಬೆಟ್ಟಕ್ಕೆ ಹೋದದ್ದು

ದನಗಳ ರೋಗದ ಇನ್‌ಸ್ಪೆಕ್ಟರ್ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ತರುಣರು ಈಚೆಗೆ ನನ್ನನ್ನು ನೋಡಲು ಬಂದಿದ್ದರು. ಅವರ ಪೆಟ್ಟಿಗೆಯಲ್ಲಿ ಸೀರಂ ಸೀಸೆಗಳು, ಹೊಳೆಯುವ ಸೂಜಿಗಳು. ನಿಮ್ಮ ಕಾಲದಲ್ಲಿ ದೊಡ್ಡರೋಗಕ್ಕೆ ಏನು ಕೊಡುತ್ತಿದ್ದಿರಿ ಎಂದು ಕೇಳಿದರು. ‘ಕೊಡುವುದಕ್ಕೆ ಏನೂ ಇರಲಿಲ್ಲ, ಕಟ್ಟುವುದಕ್ಕೆ ಹಗ್ಗ ಇತ್ತು’ ಎಂದೆ. ಇಬ್ಬರೂ ಒಟ್ಟಿಗೆ ನಕ್ಕರು. ನನ್ನ ಕೈಯಲ್ಲಿದ್ದ ಕಾಫಿ ಲೋಟ ನಡುಗಿ ಪಂಚೆಯ ಮೇಲೆ ಚೆಲ್ಲಿತು. ವಯಸ್ಸಾಯಿತು ಎಂದುಕೊಂಡಿರಬೇಕು. ವಯಸ್ಸಿನ ನಡುಕವಲ್ಲ ಅದು. ನಾಲ್ಕು ಜನ ಒಮ್ಮೆಲೇ ನಕ್ಕರೆ ನನಗೆ ಹೀಗಾಗುತ್ತದೆ. ಆ ತರುಣರಿಗೆ ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಳ್ಳಾರಿ ಕಡೆಯವನು. ಮದರಾಸಿನಲ್ಲಿ ಕಾಲೇಜು ಓದಿ, ಪಶುವೈದ್ಯ ಕಲಿತು, ಸಾವಿರದ ಎಂಟುನೂರ ತೊಂಬತ್ತರ ನಂತರದ ವರ್ಷಗಳಲ್ಲಿ ಇದೇ ಇನ್‌ಸ್ಪೆಕ್ಟರ್ ಕೆಲಸಕ್ಕೆ ದಿಂಡಿಗಲ್ಲಿಗೆ ಬಂದೆ. ಮುಂದೆ ಯಾವ ಹುದ್ದೆಗೆ ಏರಿದೆ, ಎಲ್ಲೆಲ್ಲಿಗೆ ವರ್ಗವಾಯಿತು ಎಂಬುದು ಪಿಂಚಣಿ ಕಚೇರಿಯವರಿಗೆ ಸಾಕು. ನಿಮಗೆ ಬೇಕಾದದ್ದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಾಗ ಆಗುವ ಸಂಗತಿ.

ದೊಡ್ಡರೋಗವನ್ನು ನೀವು ಪುಸ್ತಕದಲ್ಲಿ ಓದಿದ್ದೀರಿ. ಜ್ವರ, ಕಣ್ಣಿನಲ್ಲಿ ನೀರು, ಬಾಯಲ್ಲಿ ಹುಣ್ಣು, ಜೊಲ್ಲು, ಆಮೇಲೆ ತಡೆಯಲಾಗದ ಭೇದಿ, ವಾರದೊಳಗೆ ಸಾವು. ತಮಿಳರು ಅದನ್ನು ವೆಕ್ಕೈ ಎನ್ನುತ್ತಿದ್ದರು. ಆಗ ನಮಗೆ ಗೊತ್ತಿದ್ದ ಉಪಾಯ ಒಂದೇ: ರೋಗ ಬಂದ ದನವನ್ನು ಬಾರದ ದನದಿಂದ ದೂರ ಮಾಡುವುದು. ಒಂದೇ ನೀರು ಕುಡಿಯಬಾರದು, ಒಂದೇ ಹುಲ್ಲಿಗೆ ಬಾಯಿ ಹಾಕಬಾರದು, ರೋಗಿಯನ್ನು ಮುಟ್ಟಿದವನು ಮಂದೆಯ ಹತ್ತಿರ ಸುಳಿಯಬಾರದು. ಹೇಳುವುದು ಸುಲಭ.

ನಿಲಕ್ಕೋಟ್ಟೈಯಲ್ಲಿ ಹೂವಿನ ತೋಟದವನೊಬ್ಬ ನನಗೆ ಮೊದಲ ಪಾಠ ಹೇಳಿಕೊಟ್ಟ. ಅವನ ಎತ್ತಿಗೆ ರೋಗ ಬಂದಿದೆಯೆಂದು ಸುದ್ದಿ ಬಂದು ಹೋದೆ. ‘ನಮ್ಮ ಕೊಟ್ಟಿಗೆಗೆ ರೋಗ ಬರಲೇ ಇಲ್ಲ ಸಾಮಿ’ ಎಂದ. ‘ಹಾಗಾದರೆ ಎತ್ತು ಯಾಕೆ ಇಷ್ಟು ಸೊರಗಿದೆ?’ ಎಂದರೆ, ‘ಹೋದ ಸಲ ನೀವು ಹೇಳಿದ ಗಂಜಿ ಹಾಕಿದೆ ನೋಡಿ, ರೋಗ ಆಗಲೇ ವಾಸಿಯಾಯ್ತು’ ಎಂದ. ಎರಡು ಮಾತನ್ನೂ ಒಂದೇ ಉಸಿರಿನಲ್ಲಿ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. ನಾನು ಗದರಿಸಿದೆ. ಡೇರೆಗೆ ಬಂದು ಮಲಗಿದ ಮೇಲೆ ತಟ್ಟನೆ ಹೊಳೆದು ನಕ್ಕುಬಿಟ್ಟೆ. ರೋಗ ಎಂದರೆ ಅವನಿಗೆ ಮಾರಿಯಮ್ಮ. ಬಂದಿದ್ದಾಳೆ ಎಂದು ಬಾಯಿಬಿಟ್ಟು ಹೇಳಿದರೆ ಮನೆಯಲ್ಲಿ ಕೂರಿಸಿಕೊಂಡ ಹಾಗೆ. ಹೋದಳು ಎನ್ನುವುದಕ್ಕೆ ಮಾತ್ರ ಭಯವಿಲ್ಲ. ಅವನ ಜಾಗದಲ್ಲಿ ನಿಂತು ನೋಡಿದರೆ ಎರಡು ಮಾತಿಗೂ ಜಗಳವೇ ಇರಲಿಲ್ಲ. ಗಂಟು ಸಡಿಲಿದ್ದು, ನಗು ಬಂದದ್ದು, ಅರ್ಥವಾದದ್ದು ಮೂರೂ ಒಂದೇ ಗಳಿಗೆ. ಅವು ಬೇರೆಬೇರೆ ಎಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ಆದರೆ ಆಗ ಅದನ್ನು ಒಂದು ತಮಾಷೆ ಎಂದುಕೊಂಡಿದ್ದೆ. ಒಂದು ಪ್ರಾಣ ಅದರ ಮೇಲೆ ನಿಲ್ಲಬಹುದು ಎಂದು ತಿಳಿದಿರಲಿಲ್ಲ.

ಆ ವರ್ಷಗಳಲ್ಲಿ ಕಂಬಂ ಕಣಿವೆಯ ಮೇಲಿನ ಬೆಟ್ಟದಾಚೆ ಅಣೆಕಟ್ಟಿನ ಕೆಲಸ ನಡೆದಿತ್ತು. ಸುಣ್ಣ, ಕಬ್ಬಿಣ, ಅಕ್ಕಿ ಹೊತ್ತ ಗಾಡಿಗಳು ತೇನಿಯ ಸಂತೆ ದಾಟಿ, ಉತ್ತಮಪಾಳಯದ ಮೇಲೆ ಸಾಲಾಗಿ ಹೋಗುತ್ತಿದ್ದವು. ಎಲ್ಲೆಲ್ಲಿಯದೋ ಎತ್ತುಗಳು ದಾರಿಯುದ್ದಕ್ಕೂ ಒಂದೇ ಕಾಲುವೆಯಲ್ಲಿ ನೀರು ಕುಡಿಯುತ್ತಿದ್ದವು. ಒಂದು ಬೇಸಿಗೆಯಲ್ಲಿ ರೋಗ ಆ ದಾರಿ ಹಿಡಿದೇ ಕಣಿವೆಗೆ ಇಳಿಯಿತು.

ಅಲ್ಲಿ ಒಂದು ಕನ್ನಡದ ಊರಿತ್ತು. ತಲೆತಲಾಂತರದ ಹಿಂದೆ ಬಂದು ನೆಲೆಸಿದ ಒಕ್ಕಲುಗಳು. ಅವರ ಕನ್ನಡ ಕೇಳಿ ನನಗೆ ಮೈ ಜುಮ್ಮೆಂದಿತು. ನನ್ನ ಮುತ್ತಜ್ಜಿಯ ಬಾಯಿಗೆ ತಮಿಳು ಸೇರಿಸಿದ ಹಾಗಿತ್ತು. ಆ ಒಕ್ಕಲುಗಳಿಗೆ ಒಂದು ದೇವರ ಮಂದೆ. ಗುಡಿಯಲ್ಲಿ ವಿಗ್ರಹಕ್ಕಿಂತ ಆ ಮಂದೆಗೇ ಹೆಚ್ಚು ಮರ್ಯಾದೆ. ಅದರ ದನಗಳಿಗೆ ನೊಗವಿಲ್ಲ, ಮೂಗುದಾರವಿಲ್ಲ, ಮೈಮೇಲೆ ಹಗ್ಗ ಬೀಳುವಂತಿಲ್ಲ. ಮಂದೆಗೆ ಒಂದು ಪಟ್ಟದ ಹೋರಿ. ಅದನ್ನು ‘ರಾಜ’ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಅದರ ಮುಂದೆ ಉರುಮೆ ಬಾರಿಸಬೇಕು. ಆಮೇಲೆ ಅದು ಹೊರಟರೆ ಮಂದೆ ಹೊರಟಿತು. ಅದನ್ನು ಹೊಡೆಯುವ ಹಾಗಿಲ್ಲ, ಅಟ್ಟುವ ಹಾಗಿಲ್ಲ. ರಾಜನಿಗೆ ‘ಹೋಗು’ ಎನ್ನುವವರು ಯಾರು?

ಮಂದೆಯನ್ನು ನೋಡಿಕೊಳ್ಳುತ್ತಿದ್ದವನು ಬೊಮ್ಮಯ್ಯ. ನಡುವಯಸ್ಸಿನ, ಮಾತು ಕಡಿಮೆಯ ಮನುಷ್ಯ. ಮಾತನ್ನೆಲ್ಲ ಅವನ ಅಕ್ಕ ತಿಮ್ಮಕ್ಕ ಆಡುತ್ತಿದ್ದಳು. ಮೊದಲ ದಿನವೇ ನನ್ನನ್ನು ಕೆಳಗಿಂದ ಮೇಲೆ ನೋಡಿ, ‘ಇಷ್ಟು ಓದಿ ದನದ ಸಗಣಿ ನೋಡೋಕೆ ಬಂದ್ಯಾ ಸಾಮಿ? ಅಯ್ಯೋ ಪಾವ, ನಿಮ್ಮವ್ವ ಏನ್ ಕನಸು ಕಂಡಿದ್ದಳೋ’ ಎಂದಳು.

ಪಟ್ಟದ ಹೋರಿಗೆ ರೋಗ ತಗುಲಿತ್ತು. ಕಣ್ಣಿನಲ್ಲಿ ನೀರಿಳಿಯುತ್ತಿತ್ತು, ಬಾಯಿಂದ ಜೊಲ್ಲು. ಮಂದೆಯ ಉಳಿದ ಯಾವುದಕ್ಕೂ ಇನ್ನೂ ಬಂದಿರಲಿಲ್ಲ. ಅಂದೇ ಬೇರೆ ಮಾಡಿದರೆ ಮಂದೆ ಉಳಿಯುತ್ತದೆ, ಇಲ್ಲವಾದರೆ ಒಂದೂ ಉಳಿಯುವುದಿಲ್ಲ ಎಂದು ಬೊಮ್ಮಯ್ಯನಿಗೆ ಹೇಳಿದೆ.

‘ಆಮಾ, ಔದು ಸಾಮಿ, ತಿಳೀತದೆ’ ಎಂದ. ‘ಆದ್ರೆ ರಾಜನ್ನ ಓಗು ಅನ್ನೋಕೆ ಆಗಾಕಿಲ್ಲ.’

‘ಮಂದೆ ಸತ್ತುಹೋಗುತ್ತದೆ ಬೊಮ್ಮಯ್ಯ.’

‘ಆಮಾ. ಅದೂ ತಿಳೀತದೆ.’

ಅವನ ಕಣ್ಣು ಆ ಹೋರಿಯ ಕಣ್ಣಿನ ಹಾಗೇ ಒದ್ದೆಯಾಗಿತ್ತು. ಎರಡೂ ಅವನಿಗೆ ನಿಜ. ಎರಡೂ ಒಂದೇ ನೆಲದಲ್ಲಿ ನಿಲ್ಲುವುದಿಲ್ಲ. ನಡುವೆ ಅವನು.

ಮರುದಿನ ನನ್ನ ಮೇಲಧಿಕಾರಿ, ಒಬ್ಬ ಇಂಗ್ಲಿಷ್ ದೊರೆ, ಕುದುರೆಯ ಮೇಲೆ ಬಂದರು. ಕೆಲಸದಲ್ಲಿ ಚೊಕ್ಕ, ಮಾತಿನಲ್ಲಿ ಒಣಕಲು. ಅವರು ನಕ್ಕದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಜೀನಿಗೆ ಒಂದು ಬೇಟೆಯ ಬಂದೂಕು ಸಿಕ್ಕಿಸಿರುತ್ತಿತ್ತು. ಮಂದೆಯ ಬಯಲಿಗೆ ನಡೆದು ಬಂದು ಹೋರಿಯನ್ನು ನೋಡಿದರು. ‘ಇನ್ನೂ ಯಾಕೆ ಇಲ್ಲಿದೆ?’ ಎಂದರು. ನಾನು ವಿವರಿಸತೊಡಗಿದೆ. ಅವರು ಪೂರ್ತಿ ಕೇಳದೆ ನಮ್ಮ ಜವಾನ ಮುತ್ತಯ್ಯನತ್ತ ಬೆರಳು ಮಾಡಿ ‘ಕಟ್ಟು’ ಎಂದರು.

ಮುತ್ತಯ್ಯ ದಿಂಡಿಗಲ್ಲಿನವನು. ದನ ನೋಡುವ ಮೊದಲು ಹಗ್ಗ ಹಾಕಬೇಕು ಎಂಬುದೇ ನಮ್ಮ ವೃತ್ತಿಯ ಮೊದಲ ಪಾಠ; ಅವನ ಕೈಗೆ ಅದು ಉಸಿರಾಟದಷ್ಟು ರೂಢಿ. ‘ಅಯ್ಯಾ, ಬೇಡ ಇರಿ’ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಕುಣಿಕೆ ಹೋರಿಯ ಕೊಂಬಿಗೆ ಬಿದ್ದಿತ್ತು.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಊಟಕ್ಕೆ ಕೂತಾಗ ನೋಡುತ್ತೇನೆ, ಸ್ನಾನ ಮಾಡುವಾಗ ನೋಡುತ್ತೇನೆ. ಸದ್ದು ಮೊದಲು ನಿಲ್ಲುತ್ತದೆ. ಬಯಲಿನಲ್ಲಿ ಎಲ್ಲೆಲ್ಲೋ ಚದುರಿ ನಿಂತಿದ್ದ ಗಂಡಸರು ಒಂದು ಗೋಡೆಯಾಗುತ್ತಾರೆ. ಯಾರೂ ಓಡಿ ಬಂದದ್ದು ನನಗೆ ಕಾಣಿಸಲಿಲ್ಲ. ಇಲ್ಲದ ಗೋಡೆ ಇದ್ದುಬಿಟ್ಟಿತು, ಅಷ್ಟೆ. ಬೊಮ್ಮಯ್ಯನ ಕೈಯಲ್ಲಿ ಮಚ್ಚು. ಅದು ಮುತ್ತಯ್ಯನ ಮಣಿಕಟ್ಟಿನ ಮೇಲೆ, ಹಗ್ಗ ಹಿಡಿದ ಕೈಯ ಮೇಲೆ, ಗಾಳಿಯಲ್ಲಿ ನಿಂತಿದೆ. ಮುತ್ತಯ್ಯನಿಗೆ ಹಗ್ಗ ಬಿಡಬೇಕೆಂದು ಹೊಳೆಯುತ್ತಿಲ್ಲ, ಬೆರಳು ಮರಗಟ್ಟಿವೆ. ಒಬ್ಬನ ದೊಣ್ಣೆಯ ತುದಿ ನನ್ನ ಪಕ್ಕೆಲುಬಿಗೆ ತಾಗಿದೆ. ದೊರೆಯ ಕೈ ಜೀನಿನ ಕಡೆಗೆ ಹೋಗಿ ಬಂದೂಕು ಹಿಡಿದು ಬಂದಿದೆ. ಹೋರಿ ಮಾತ್ರ ತಲೆ ತಗ್ಗಿಸಿ ನಿಂತಿದೆ, ಅದಕ್ಕೆ ಯಾವುದೂ ಬೇಕಾಗಿಲ್ಲ.

ಒಂದು ಏಟು ಬಿದ್ದಿದ್ದರೆ ಒಂದು ಗುಂಡು ಹಾರುತ್ತಿತ್ತು. ಒಂದು ಗುಂಡು ಹಾರಿದ್ದರೆ ನಾವು ಮೂವರೂ ಅಲ್ಲೇ. ಆಮೇಲೆ ಆ ಊರಿಗೆ ಏನಾಗುತ್ತಿತ್ತು ಎಂಬುದನ್ನು ಊಹಿಸಲೂ ನನಗೆ ಧೈರ್ಯವಿಲ್ಲ.

ಹೆಂಗಸರ ಗುಂಪಿನಿಂದ ತಿಮ್ಮಕ್ಕ ಸೀಳಿಕೊಂಡು ಬಂದಳು. ಸಮಾಧಾನ ಮಾಡಲು ಬಂದವಳಲ್ಲ. ನನ್ನ ಮುಖಕ್ಕೆ ಮುಖ ತಂದು ಕೂಗಿದಳು:

‘ಏನ್ ಸಾಮಿ! ನಿಮ್ಮ ದೊರೆಗೆ ಜ್ವರ ಬಂದ್ರೆ ಇಂಗೇ ಕುತ್ತಿಗೆಗೆ ಅಗ್ಗ ಆಕಿ ಎಳ್ಕೊಂಡು ಓಗ್ತೀರಾ? ಬಾಯ್ಬಿಟ್ಟು ಏಳು! ಎಳೀತೀರಾ?’

ಅದು ಪ್ರಶ್ನೆಯಲ್ಲ, ಉಗುಳು. ಉತ್ತರ ಬೇಕಿರಲಿಲ್ಲ ಅವಳಿಗೆ. ಆದರೆ ಭಯದಲ್ಲಿ ಮನುಷ್ಯನಿಗೆ ಜಾಣತನ ಹೋಗಿ ಕೇಳಿದ್ದಕ್ಕೆ ಹೇಳುವ ಬುದ್ಧಿಯೊಂದೇ ಉಳಿಯುತ್ತದೆ. ಶಾಲೆಯಲ್ಲಿ ಎದ್ದು ನಿಂತ ಹುಡುಗನ ಹಾಗೆ ಹೇಳಿದೆ:

‘ಇಲ್ಲಮ್ಮ. ಬೆಟ್ಟಕ್ಕೆ ಹೋಗ್ತಾರೆ.’

‘ಆಂ?’

‘ಕೊಡೈಕಾನಲ್ ಬೆಟ್ಟಕ್ಕೆ. ಪೆರಿಯಕುಳಂ ಮೇಲೆ. ಮೈ ಸರಿಯಿಲ್ಲದಿದ್ದರೆ ಹೋಗಿ ತಂಪಿನಲ್ಲಿ ಇರ್ತಾರೆ. ಡೋಲಿಯಲ್ಲಿ ಹೊತ್ಕೊಂಡು ಹೋಗ್ತಾರೆ. ಛತ್ರಿ ಹಿಡೀತಾರೆ.’

‘ಯಾರು ಓಗು ಅನ್ನೋರು ಅವರ್ನ?’

‘ಯಾರೂ ಇಲ್ಲ. ಅವರೇ ಹೋಗ್ತಾರೆ.’

‘ಆವಾಗ ಇಲ್ಲಿ ದೊರೆತನ?’

‘ಅದು ಅವರದೇ. ಬೆಟ್ಟದಲ್ಲಿದ್ದರೂ ಅವರದೇ.’

ತಿಮ್ಮಕ್ಕನ ಬಾಯಿ ಮುಂದಿನ ಬೈಗುಳಕ್ಕೆ ತೆರೆದದ್ದು ತೆರೆದೇ ಇತ್ತು. ಬೈಗುಳ ಬರಲಿಲ್ಲ. ಅವಳ ಹುಬ್ಬು ನಿಧಾನವಾಗಿ ಮೇಲೇರಿತು. ಮಚ್ಚಿನ ಕಡೆ ನೋಡಿದಳು, ಹೋರಿಯ ಕಡೆ ನೋಡಿದಳು, ಆಮೇಲೆ ದೊರೆಯ ಕೆಂಪು ಮುಖದ ಕಡೆ ನೋಡಿದಳು. ಗೋಡೆಯ ಹಿಂದಿನಿಂದ ಯಾವನೋ ಗಂಭೀರವಾಗಿ ಕೇಳಿದ:

‘ಅಲ್ಲ ಅಕ್ಕೆ, ನಮ್ಮ ರಾಜನ ಡೋಲಿ ಒರೋಕೆ ಎಷ್ಟು ಆಳು ಬೇಕಾಯ್ತದೆ?’

ಮೊದಲು ಒಬ್ಬ ಮೂಗಿನಲ್ಲಿ ಸದ್ದು ಮಾಡಿದ. ಆಮೇಲೆ ಇಡೀ ಬಯಲು ನಕ್ಕಿತು. ನಾನು ಹೇಳುತ್ತೇನೆ, ಅದು ಸಂತೋಷದ ನಗುವಲ್ಲ. ಉಸಿರು ಕಟ್ಟಿ ಮುಳುಗುತ್ತಿದ್ದವನು ಮೇಲೆ ಬಂದಾಗ ಮಾಡುವ ಸದ್ದು. ಡೋಲಿಯಲ್ಲಿ ಕಾಲು ಮಡಿಸಿ ಕೂತ ಹೋರಿಯನ್ನು ಅವರೆಲ್ಲ ಕಂಡುಬಿಟ್ಟಿದ್ದರು. ಅದನ್ನು ಕಂಡ ಮೇಲೆ ಇನ್ನೊಂದೂ ಕಂಡಿತು: ರಾಜನನ್ನು ಕಳಿಸುವಂತಿಲ್ಲ, ಆದರೆ ರಾಜ ಹೋಗಬಹುದು. ಬೊಮ್ಮಯ್ಯ ನಗಲಿಲ್ಲ. ಅವನ ಮುಖ ಸಡಿಲಿತು. ಮಚ್ಚು ಇಳಿಯಿತು. ಮುತ್ತಯ್ಯ ಕಣ್ಣು ಮುಚ್ಚಿ ‘ಅಮ್ಮಾ’ ಎಂದ. ಮಚ್ಚು ಕತ್ತರಿಸಿದ್ದು ಹಗ್ಗವನ್ನು.

ನನಗೆ ಎರಡನೆಯ ಸಲ ಭಯ ಹಿಡಿದದ್ದು ಆಗ. ದೊರೆಗೆ ಕನ್ನಡ ಬಾರದು. ನೂರು ಜನ ತನ್ನ ಮುಖ ನೋಡಿ ನಗುತ್ತಿರುವುದಷ್ಟೇ ಅವರಿಗೆ ಕಾಣುತ್ತಿತ್ತು. ಬಂದೂಕು ಭುಜದ ಮಟ್ಟಕ್ಕೆ ಏರಿತ್ತು. ‘ಯಾಕೆ ನಗುತ್ತಿದ್ದಾರೆ?’ ಎಂದು ನನ್ನನ್ನು ಕೇಳಿದರು, ತುಟಿ ಅಲುಗಿದ್ದೂ ತಿಳಿಯದ ಹಾಗೆ.

ಏನಾದರೂ ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ. ಇದ್ದದ್ದನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಡೋಲಿ, ಛತ್ರಿ, ಬೆಟ್ಟ, ಎಲ್ಲವನ್ನೂ. ಹೇಳುತ್ತಾ ಹೋದಂತೆ, ನಾನು ಒಬ್ಬ ದೊರೆಯನ್ನು ಹೋರಿಗೆ ಹೋಲಿಸಿ ಅವರಿಗೇ ವರದಿ ಮಾಡುತ್ತಿದ್ದೇನೆ ಎಂದು ಅರಿವಾಯಿತು.

ನಗೆ ಹುಟ್ಟುತ್ತದೇನೋ ಎಂದು ಆ ಮುಖವನ್ನೇ ನೋಡಿದೆ. ಹುಟ್ಟಲಿಲ್ಲ. ಬಂದೂಕು ಇಳಿಸಿ ಕೇಳಿದರು:

‘ಛತ್ರಿ ಹಿಡಿಯುವವನು ಯಾರು? ಅವನು ಮತ್ತೆ ಮಂದೆಯ ಕಡೆ ಬರಬಾರದು. ನಾವು ಹೇಳುವವರೆಗೆ ಅಲ್ಲೇ ಇರಬೇಕು.’

ಎಷ್ಟು ಸರಿಯಾದ ಪ್ರಶ್ನೆ! ನನ್ನ ಓದಿಗೂ ಊರಿನ ನಗುವಿಗೂ ಅದು ಹೊಳೆದಿರಲಿಲ್ಲ. ಆ ಮನುಷ್ಯನಿಗೆ ತಮಾಷೆ ತಿಳಿಯಲಿಲ್ಲ, ಆದ್ದರಿಂದ ಅದನ್ನು ಒಂದು ಏರ್ಪಾಡು ಎಂದೇ ತೆಗೆದುಕೊಂಡರು. ನಾನು ಕನ್ನಡದಲ್ಲಿ ಕೇಳಿದೆ. ‘ನಾನು ಓಗ್ತೀನಿ’ ಎಂದ ಬೊಮ್ಮಯ್ಯ.

ಹಗ್ಗವಿಲ್ಲದೆ, ಕೋಲಿಲ್ಲದೆ, ಮುಂದೆ ಉರುಮೆ ಬಾರಿಸುತ್ತಾ ಅವನು ನಡೆದ. ಹೋರಿ ತೂರಾಡುತ್ತಾ ಆ ಸದ್ದಿನ ಹಿಂದೆ ಹೆಜ್ಜೆ ಹಾಕಿತು. ತಲೆಯ ಮೇಲೆ ಗುಡಿಯ ಛತ್ರಿಯನ್ನು ಒಬ್ಬ ಮುದುಕ ಊರ ಗಡಿಯವರೆಗೆ ಕೋಲಿನ ತುದಿಯಲ್ಲಿ ದೂರದಿಂದ ಹಿಡಿದ. ಗಡಿಯಲ್ಲಿ ಅದನ್ನೂ ಬೊಮ್ಮಯ್ಯನೇ ತೆಗೆದುಕೊಂಡ. ಮಂದೆ ಹಿಂಬಾಲಿಸಲು ಒದ್ದಾಡಿತು. ಊರಿನವರು ಕೈ ಕೈ ಹಿಡಿದು ಅಡ್ಡ ನಿಂತರು. ದನಗಳು ಕೂಗುತ್ತಿದ್ದವು, ಜನ ಅಳುತ್ತಿದ್ದರು, ನಡುವೆ ಒಬ್ಬೊಬ್ಬರಿಗೆ ಡೋಲಿ ನೆನಪಾಗಿ ನಗು ಬರುತ್ತಿತ್ತು.

ಹೋರಿಯೊಡನೆ ಅವನು ತಂಗಿದ ಬೆಟ್ಟದ ಬುಡ ಊರಿಗೆ ಕೂಗಳತೆಗಿಂತ ಸ್ವಲ್ಪ ದೂರ. ಮಂದೆಗೆ ಅಪಾಯ ಕಳೆಯುವವರೆಗೆ ಯಾರೂ ಅತ್ತ ಹೋಗಬಾರದೆಂದು ಗೊತ್ತುಮಾಡಿದೆವು. ಬೊಮ್ಮಯ್ಯನಿಗೆ ಅನ್ನವನ್ನು ಒಂದು ಬಂಡೆಯ ಮೇಲೆ ಇಟ್ಟು ಬರುತ್ತಿದ್ದರು. ಬೆಳಗಾದರೆ ಅಲ್ಲಿಂದ ಉರುಮೆಯ ಸದ್ದು. ಮೊದಮೊದಲು ಅದು ಎಷ್ಟು ಮೆಲ್ಲಗಿತ್ತೆಂದರೆ ಕೊಡ ತುಂಬುವ ಹೆಂಗಸರು ಒಬ್ಬರನ್ನೊಬ್ಬರು ಸುಮ್ಮನಿರಿಸಿ ಕಿವಿಗೊಡುತ್ತಿದ್ದರು. ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಸದ್ದು ಗಟ್ಟಿಯಾಗಿ ಎದ್ದಿತು. ‘ರಾಜ ಉಸಾರಾದ!’ ಎಂದು ಊರು ಹಿಗ್ಗಿತು. ನನಗೂ ಹಿಗ್ಗು. ಮಂದೆಯಲ್ಲಿ ಒಂದಕ್ಕೂ ಜ್ವರ ಬಂದಿರಲಿಲ್ಲ.

ಬೆಟ್ಟದ ಮೇಲೆ ಮಳೆ ಹಿಡಿದ ದಿನಗಳಲ್ಲಿ, ಬೇರೆ ಬಟ್ಟೆ ಕಟ್ಟಿಕೊಂಡು, ಹೋರಿಯನ್ನು ಪರೀಕ್ಷಿಸಲು ಹೋದೆ. ಮರದಡಿ ಬೊಮ್ಮಯ್ಯ ಕೂತಿದ್ದ. ಸೊರಗಿ ಕಡ್ಡಿಯಾಗಿದ್ದ. ಅವನ ಮುಂದೆ ಒಂದು ದೊಡ್ಡ ಮಣ್ಣಿನ ದಿಬ್ಬ. ಅದರ ಮೇಲೆ ಛತ್ರಿ ನೆಟ್ಟಿತ್ತು.

‘ರಾಜ ಎಲ್ಲಿ?’ ಎಂದೆ. ಪ್ರಶ್ನೆ ಮುಗಿಯುವ ಮೊದಲೇ ನನಗೆ ಗೊತ್ತಾಗಿತ್ತು.

‘ಬಂದ ವಾರದಾಗೇ ಓದ’ ಎಂದ.

ಇವತ್ತು ಬೆಳಿಗ್ಗೆ ಕೇಳಿದ ಉರುಮೆ? ನಿನ್ನೆಯದು? ಊರೆಲ್ಲ ಹಿಗ್ಗಿದ್ದು?

‘ರಾಜ ಓದಾನೆ ಅಂತ ತಿಳಿದ್ರೆ ಎಲ್ಲಾ ಒಕ್ಕಲೂ ಬರಬೇಕು ಸಾಮಿ. ಕೊಂಬು ಮುಟ್ಟಬೇಕು, ಒಂದೊಂದು ಇಡಿ ಮಣ್ಣು ಆಕಬೇಕು. ಮಂದೇನ ತಂದು ಸುತ್ತ ಬಳಸಬೇಕು. ಬರಬೇಡಿ ಅಂದ್ರೆ ಕೇಳಾಕಿಲ್ಲ. ನಾನಾದ್ರೂ ಕೇಳಾಕಿಲ್ಲ.’ ದಿಬ್ಬದ ಕಡೆ ನೋಡಿದ. ‘ಅದಕ್ಕೇ ರಾಜ ಇನ್ನೂ ಬೆಟ್ಟದಾಗೇ ಅವ್ನೆ. ನೀವೇ ಏಳಿದ್ರಲ್ಲ, ಬೆಟ್ಟದಾಗಿದ್ರೂ ಅವರದೇ ದೊರೆತನ ಅಂತ.’

ನನಗೆ ನಗು ಬಂತು. ನಿಲ್ಲಿಸಲಾಗಲಿಲ್ಲ. ಒಬ್ಬನೇ ಆ ದೈತ್ಯಪ್ರಾಣಿಗೆ ಗುಂಡಿ ತೋಡಿದ ಅವನ ಅಂಗೈ ಇನ್ನೂ ಸಿಪ್ಪೆ ಸುಲಿದಿತ್ತು. ಅದನ್ನು ನೋಡುತ್ತಲೇ ನಗುತ್ತಿದ್ದೆ. ನನ್ನ ನಗು ನನಗೇ ಹೆದರಿಕೆ ಹುಟ್ಟಿಸಿತು. ಬೊಮ್ಮಯ್ಯ ವಾಲಿದ್ದ ಛತ್ರಿಯನ್ನು ನೆಟ್ಟಗೆ ನಿಲ್ಲಿಸಿದ. ಆಮೇಲೆ, ‘ಅಕ್ಕೆಗೆ ಮಾತ್ರ ಏಳಬೇಡಿ. ತಾಳಾಕಿಲ್ಲ ಅವಳು’ ಎಂದ.

ಕೊಡದಲ್ಲಿ ತಂದಿದ್ದ ನೀರಿನಿಂದ ಮಿಂದು, ಬಟ್ಟೆ ಬದಲಿಸಿ ಊರಿಗೆ ಇಳಿದೆ. ತಿಮ್ಮಕ್ಕ ಮುಳ್ಳುಬೇಲಿಯ ಹತ್ತಿರ ಕಾದಿದ್ದಳು.

‘ರಾಜ ಎಂಗವ್ನೆ ಸಾಮಿ?’

‘ಇದ್ದಾನೆ’ ಎಂದೆ.

ನನ್ನನ್ನು ನೋಡಿದಳು. ಮೊದಲ ದಿನದ ಹಾಗೆ ಕೆಳಗಿಂದ ಮೇಲೆ.

‘ಇಷ್ಟು ಓದಿದ್ದೀಯ, ಸುಳ್ಳು ಏಳೋಕೆ ಬರಾಕಿಲ್ಲವಲ್ಲ’ ಎಂದಳು. ದನಿ ತಗ್ಗಿಸಿದಳು. ‘ಕಾಯ್ಲೆ ಬಿದ್ದ ಮೂಕಪ್ರಾಣಿ ಪಕ್ಕದಾಗೆ ಯಾರಾನ ಅಷ್ಟು ಜೋರಾಗಿ ಬಾರಿಸ್ತಾರಾ? ಮೊದಲು ಮೆಲ್ಲಗೆ ಬಾರಿಸ್ತಿದ್ದ, ನೋವಾಯ್ತದೆ ಅಂತ. ಜೋರಾದ ದಿನಾನೇ ನಂಗೆ ತಿಳೀತು. ಕಿವಿ ಇಲ್ಲದೋರ ಮುಂದೆ ಬಾರಿಸೋ ಸದ್ದು ಅದು.’

ಊರೆಲ್ಲ ಹಿಗ್ಗಿದ ಆ ಬೆಳಿಗ್ಗೆಯಿಂದಲೂ ಇವಳು ಎಲ್ಲರ ಜೊತೆ ಹಿಗ್ಗಿದ್ದಳು. ದಿನವೂ ಅನ್ನದ ಜೊತೆ ರಾಜನಿಗೆಂದು ಹಸಿ ಹುಲ್ಲಿನ ಕಟ್ಟನ್ನೂ ಬಂಡೆಯ ಮೇಲೆ ಇಡಿಸುತ್ತಿದ್ದಳು.

‘ತಮ್ಮಂಗೆ ಏಳಬೇಡ, ನಂಗೆ ತಿಳೀತು ಅಂತ’ ಎಂದಳು. ‘ಪಾವ, ಅಷ್ಟು ಕಷ್ಟಪಟ್ಟು ಮುಚ್ಚಿಟ್ಟವ್ನೆ.’

ಅಪಾಯ ಕಳೆಯಿತೆಂದು ನಾವು ಸಾರಿದ ದಿನ ಬೊಮ್ಮಯ್ಯ ಊರ ಗಡಿಗೆ ಬಂದು ನಿಂತು, ರಾಜ ಈವತ್ತು ಮುಂಜಾನೆ ಹೋದ ಎಂದು ಕೂಗಿ ಹೇಳಿದ. ಇಡೀ ಊರು ಎದ್ದು ನಡೆಯಿತು. ತಿಮ್ಮಕ್ಕ ಎಲ್ಲರಿಗಿಂತ ಮುಂದೆ ಎದೆ ಬಡಿದುಕೊಂಡು ಹೋದಳು, ಆ ಅಳುವಿನಲ್ಲಿ ಒಂದು ಎಳೆಯೂ ನಟನೆ ಇರಲಿಲ್ಲ. ಹಿಂದೆ ಮಂದೆ, ಒಂದೂ ಕಡಿಮೆಯಾಗದೆ. ನಾನು ಮುತ್ತಯ್ಯನ ಜೊತೆ ಕೊನೆಯಲ್ಲಿ ನಡೆದೆ. ಯಾವನಾದರೂ ಒಬ್ಬ ಬಾಯಿ ಬಿಟ್ಟರೆ ಏನಾದೀತು ಎಂದು ನನ್ನ ಪಕ್ಕೆಲುಬು ಮತ್ತೆ ಆ ದೊಣ್ಣೆಯ ತುದಿಯನ್ನು ಎದುರು ನೋಡುತ್ತಿತ್ತು.

ದಿಬ್ಬದ ಸುತ್ತ ಅವರೆಲ್ಲ ನಿಂತರು. ಮಳೆ ಬಿದ್ದು ಅದರ ಮೇಲೆ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಬೆಳಿಗ್ಗೆ ಸತ್ತವನ ಮೇಲೆ ಅಷ್ಟು ಹುಲ್ಲು. ಒಬ್ಬೊಬ್ಬರೇ ಬಂದು ಆ ಹುಲ್ಲನ್ನು ಕೈಯಿಂದ ಸರಿಸಿ, ಬುಡದಲ್ಲಿ ಒಂದು ಹಿಡಿ ಮಣ್ಣು ಹಾಕಿ, ಮತ್ತೆ ಹುಲ್ಲನ್ನು ಮೊದಲಿನಂತೆ ಮಾಡಿ ಹಿಂದೆ ಸರಿದರು. ಯಾರೂ ಏನೂ ಕೇಳಲಿಲ್ಲ.